ವೆಂಚರ್ ಕ್ಯಾಪಿಟಲ್ ಸಂಸ್ಥೆಯ ರಾಜಕೀಯ ಒಲವು ಯಾವ ಕಡೆಗೆ? ದಾಖಲೆಗಳಿಂದಲೇ ಪತ್ತೆಹಚ್ಚುವ ಬಗೆ

2024ರ ಜುಲೈನಲ್ಲಿ, ಹೊಸ ಕಂಪನಿಗಳಲ್ಲಿ ಹಣ ಹೂಡುವ ಅಮೆರಿಕದ ವೆಂಚರ್ ಕ್ಯಾಪಿಟಲ್ ಸಂಸ್ಥೆ ಆಂಡ್ರೀಸೆನ್ ಹೊರೊವಿಟ್ಜ್‌ನ ಇಬ್ಬರೂ ಸ್ಥಾಪಕರು, ಮಾರ್ಕ್ ಆಂಡ್ರೀಸೆನ್ ಮತ್ತು ಬೆನ್ ಹೊರೊವಿಟ್ಜ್, ಡೊನಾಲ್ಡ್ ಟ್ರಂಪ್ ಅವರನ್ನು ಬೆಂಬಲಿಸುವುದಾಗಿ ಹೇಳಿದರು. ಅಕ್ಟೋಬರ್‌ನಲ್ಲಿ ಅದೇ ಬೆನ್ ಹೊರೊವಿಟ್ಜ್, ಕಮಲಾ ಹ್ಯಾರಿಸ್ ಪರವಾಗಿ ದೊಡ್ಡ ದೇಣಿಗೆ ಕೊಡುವುದಾಗಿ ಸಿಬ್ಬಂದಿಗೆ ತಿಳಿಸಿದರು. ಖೋಸ್ಲಾ ವೆಂಚರ್ಸ್‌ನಲ್ಲಿ ಸ್ಥಾಪಕ ವಿನೋದ್ ಖೋಸ್ಲಾ ಹ್ಯಾರಿಸ್ ಪರ, ಮ್ಯಾನೇಜಿಂಗ್ ಡೈರೆಕ್ಟರ್ ಕೀತ್ ರಬೋಯ್ ರಿಪಬ್ಲಿಕನ್ನರ ಪರ ಇದ್ದರು. ಸಿಕೋಯಾದಲ್ಲಿ ವರ್ಷಗಟ್ಟಲೆ ಒಟ್ಟಿಗೆ ದುಡಿದ ಮೈಕೆಲ್ ಮೊರಿಟ್ಜ್ ಡೆಮಾಕ್ರಟರಿಗೆ ಹಣ ಕೊಟ್ಟರೆ, ಡಗ್ ಲಿಯೋನ್ ಟ್ರಂಪ್‌ಗೆ ಕೊಟ್ಟರು. ಈ ಸಂಸ್ಥೆಗಳು ಎಡವೋ ಬಲವೋ ಎಂದು ಒಂದೇ ಪದದ ಉತ್ತರ ಬಯಸುವವರಿಗೆ ಇಲ್ಲಿಗೇ ದಾರಿ ಮುಗಿಯುತ್ತದೆ.

ಮುಗಿಯಬೇಕಿಲ್ಲ. ಒಂದರ ಬದಲು ಮೂರು ಖಾತೆ ತೆರೆಯಿರಿ. ಮೊದಲನೆಯದು ಪಾಲುದಾರರು ತಮ್ಮ ಸ್ವಂತ ಜೇಬಿನಿಂದ ಕೊಟ್ಟ ಹಣ. ಎರಡನೆಯದು ಸಂಸ್ಥೆ ತನ್ನ ಹೆಸರಿನಲ್ಲೇ ಕೊಟ್ಟ ಹಣ ಮತ್ತು ಮಾಡಿಸಿದ ಲಾಬಿ. ಮೂರನೆಯದು ಸಂಸ್ಥೆ ಬಹಿರಂಗವಾಗಿ ಆಡಿದ ಮಾತು, ಸರ್ಕಾರಕ್ಕೆ ಕಳಿಸಿದ ಜನ, ಹೂಡಿಕೆಯ ನಿಲುವು. ಈ ಮೂರನ್ನು ಕೊನೆಯವರೆಗೂ ಬೆರೆಸಬೇಡಿ. ನಾವು ನೋಡಿರುವ ತಪ್ಪು ತೀರ್ಮಾನಗಳಲ್ಲಿ ಹೆಚ್ಚಿನವು ಮೊದಲ ಖಾತೆಯ ಅಂಕಿಯನ್ನು ಎರಡನೆಯದಕ್ಕೆ ಅಂಟಿಸಿದ್ದರಿಂದಲೇ ಹುಟ್ಟಿದವು.

ಇಲ್ಲಿ ಹೇಳುವುದೆಲ್ಲ ಅಮೆರಿಕದ ಸಂಸ್ಥೆಗಳಿಗೆ ಅನ್ವಯಿಸುವಂಥದ್ದು. ದೇಣಿಗೆದಾರರ ಹೆಸರಿನ ಜೊತೆ ಅವರು ಎಲ್ಲಿ ಕೆಲಸ ಮಾಡುತ್ತಾರೆ ಎಂಬುದನ್ನೂ ಅಲ್ಲಿನ ಕಾನೂನು ದಾಖಲಿಸುವುದರಿಂದಲೇ ಈ ಕೆಲಸ ಸಾಧ್ಯ. ಹತ್ತು ಹದಿನೈದು ಪಾಲುದಾರರ ಸಂಸ್ಥೆಗೆ ಎರಡು ದಿನ ಬೇಕು, ಅದರಲ್ಲಿ ಒಂದೂವರೆ ದಿನ ಹೆಸರು ಜಾಲಾಡುವುದಕ್ಕೇ ಹೋಗುತ್ತದೆ.

ಹಂತ 1: ಯಾರನ್ನು ಎಣಿಸಬೇಕು?

ಮೊದಲು ಹೆಸರುಗಳ ಪಟ್ಟಿ. ಸಂಸ್ಥೆಯ ವೆಬ್‌ಸೈಟಿನ ತಂಡದ ಪುಟ ಸಾಲದು. ಅಲ್ಲಿ ಎಲ್ಲರೂ ‘ಪಾರ್ಟ್‌ನರ್’ಗಳೇ. ಹೂಡಿಕೆಯ ತೀರ್ಮಾನದಲ್ಲಿ ಮತ ಇರುವವರು ಯಾರು, ಮಾರ್ಕೆಟಿಂಗ್ ಅಥವಾ ನೇಮಕಾತಿ ನೋಡುವ ಪಾರ್ಟ್‌ನರ್ ಯಾರು ಎಂಬುದು ಆ ಪುಟದಿಂದ ತಿಳಿಯುವುದಿಲ್ಲ. ಅದಕ್ಕೆ ಎರಡು ಸರ್ಕಾರಿ ದಾಖಲೆಗಳಿವೆ, ಎರಡೂ ಪುಕ್ಕಟೆ.

ಒಂದು, ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ಸಲ್ಲಿಸುವ ಫಾರ್ಮ್ ಎಡಿವಿ. ಹೂಡಿಕೆ ಸಲಹೆಗಾರರನ್ನು ಹುಡುಕುವ ಎಸ್‌ಇಸಿಯ ತಾಣದಲ್ಲಿ ಸಂಸ್ಥೆಯ ಹೆಸರು ಕೊಟ್ಟರೆ ಸಿಗುತ್ತದೆ. ಅದರ ಶೆಡ್ಯೂಲ್ ಎ ಭಾಗದಲ್ಲಿ ಶೇ 5 ಅಥವಾ ಹೆಚ್ಚಿನ ಪಾಲುಳ್ಳ ಮಾಲೀಕರೂ ಮುಖ್ಯ ಅಧಿಕಾರಿಗಳೂ ಇರುತ್ತಾರೆ. ಇನ್ನೊಂದು ಫಾರ್ಮ್ ಡಿ. ಹೊಸ ನಿಧಿಗೆ ಮೊದಲ ಹೂಡಿಕೆ ಬಂದ 15 ದಿನದೊಳಗೆ ಸಲ್ಲಿಸಬೇಕಾದದ್ದು. ನಿಧಿಯನ್ನು ನಡೆಸುವವರ ಹೆಸರು ‘ಸಂಬಂಧಿತ ವ್ಯಕ್ತಿಗಳು’ ಎಂಬಲ್ಲಿ ಇರುತ್ತದೆ. ಪ್ರತಿ ನಿಧಿಗೂ ಬೇರೆ ಬೇರೆ ಫಾರ್ಮ್ ಡಿ ಇರುವುದರಿಂದ, ಯಾರು ಯಾವಾಗ ಒಳಬಂದರು, ಯಾರು ಹೊರನಡೆದರು ಎಂಬುದನ್ನೂ ಸಾಲಾಗಿ ಓದಿಕೊಳ್ಳಬಹುದು.

ಇಲ್ಲೇ ಸಂಸ್ಥೆಯ ಕಾನೂನುಬದ್ಧ ಹೆಸರನ್ನೂ ಬರೆದಿಟ್ಟುಕೊಳ್ಳಿ. ಆಂಡ್ರೀಸೆನ್ ಹೊರೊವಿಟ್ಜ್‌ನ ನಿರ್ವಹಣಾ ಕಂಪನಿ ‘ಎಎಚ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್’. ಇದು ಗೊತ್ತಿಲ್ಲದಿದ್ದರೆ ಮುಂದಿನ ಹಂತದಲ್ಲಿ ಒಂದಿಷ್ಟು ದೇಣಿಗೆಗಳು ಕಣ್ಣಿಗೇ ಬೀಳುವುದಿಲ್ಲ.

ಹಾಳೆಯಲ್ಲಿ ನಾಲ್ಕು ಕಲಂ ಸಾಕು: ಪೂರ್ಣ ಹೆಸರು, ಬಳಕೆಯ ಹೆಸರು, ಸೇರಿದ ದಿನಾಂಕ, ಬಿಟ್ಟ ದಿನಾಂಕ. ಕೊನೆಯ ಎರಡನ್ನು ಜನ ಬಿಡುತ್ತಾರೆ, ಆಮೇಲೆ ಪೇಚಿಗೆ ಸಿಲುಕುತ್ತಾರೆ. ಮೊರಿಟ್ಜ್ 2023ರಲ್ಲಿ ಸಿಕೋಯಾ ಬಿಟ್ಟರು. 2024ರಲ್ಲಿ ಅವರು ಕೊಟ್ಟ ಹಣ ಸಿಕೋಯಾದ ಲೆಕ್ಕಕ್ಕೆ ಸೇರುವುದಿಲ್ಲ. ಕಿರಿಯ ವಿಶ್ಲೇಷಕರು, ಸ್ವಾಗತಕಾರರು, ಲೆಕ್ಕಪತ್ರದವರನ್ನು ಪಟ್ಟಿಗೆ ಸೇರಿಸಬೇಡಿ. ಅವರು ಸಂಸ್ಥೆಯ ದಿಕ್ಕನ್ನು ತೀರ್ಮಾನಿಸುವವರಲ್ಲ, ಅವರ ಖಾಸಗಿ ಒಲವು ನಿಮಗೆ ಬೇಕಾದದ್ದೂ ಅಲ್ಲ.

ಹಂತ 2: ಎಫ್‌ಇಸಿಯಲ್ಲಿ ದೇಣಿಗೆ ಹುಡುಕುವುದು

ಫೆಡರಲ್ ಚುನಾವಣಾ ಆಯೋಗ ಅಂದರೆ ಎಫ್‌ಇಸಿಯ ತಾಣದಲ್ಲಿ ‘ವ್ಯಕ್ತಿಗಳ ದೇಣಿಗೆ’ ವಿಭಾಗ ತೆರೆಯಿರಿ. ಒಂದು ಸಮಿತಿಗೆ ಒಬ್ಬರಿಂದ ಒಟ್ಟು 200 ಡಾಲರಿಗಿಂತ ಹೆಚ್ಚು ಬಂದಾಗ ಆ ಸಮಿತಿ ದಾನಿಯ ಹೆಸರು, ಊರು, ಉದ್ಯೋಗ, ಉದ್ಯೋಗದಾತರ ಹೆಸರನ್ನು ವರದಿಯಲ್ಲಿ ಬಿಡಿಬಿಡಿಯಾಗಿ ತೋರಿಸಲೇಬೇಕು.

ಹುಡುಕಾಟವನ್ನು ಎರಡು ಸಲ ಮಾಡಿ. ಮೊದಲು ಉದ್ಯೋಗದಾತರ ಹೆಸರಿನಿಂದ, ಆಮೇಲೆ ಒಬ್ಬೊಬ್ಬರ ಹೆಸರಿನಿಂದ. ಉದ್ಯೋಗದಾತರ ಕಲಂ ದಾನಿಯೇ ತುಂಬುವಂಥದ್ದು, ಯಾರೂ ತಿದ್ದುವುದಿಲ್ಲ. ಒಬ್ಬರೇ ಒಮ್ಮೆ ಸಂಸ್ಥೆಯ ಪೂರ್ಣ ಹೆಸರು, ಇನ್ನೊಮ್ಮೆ ಸಂಕ್ಷಿಪ್ತ ಹೆಸರು, ಮತ್ತೊಮ್ಮೆ ‘ಸ್ವಯಂ ಉದ್ಯೋಗಿ’, ‘ಹೂಡಿಕೆದಾರ’, ‘ನಿವೃತ್ತ’ ಎಂದು ಬರೆದಿರುತ್ತಾರೆ. ಸಂಸ್ಥೆಯ ಹೆಸರಿನಿಂದ ಮಾತ್ರ ಹುಡುಕಿದವರಿಗೆ ದೊಡ್ಡ ಚೆಕ್‌ಗಳೇ ತಪ್ಪಿಹೋಗುತ್ತವೆ. ಹಿರಿಯ ಪಾಲುದಾರರಲ್ಲಿ ‘ಸ್ವಯಂ’ ಎಂದು ಬರೆಯುವ ರೂಢಿ ಹೆಚ್ಚು.

ಹೆಸರಿನಿಂದ ಹುಡುಕಿದರೆ ತೊಂದರೆ ಬೇರೆ: ಅದೇ ಹೆಸರಿನ ಬೇರೆಯವರೂ ಬಂದು ಸೇರುತ್ತಾರೆ. ನಾವು ಪಾಲಿಸುವ ನಿಯಮ ಇದು: ಹೆಸರಿನ ಜೊತೆಗೆ ಊರು, ಉದ್ಯೋಗದಾತ, ವೃತ್ತಿ ಈ ಮೂರರಲ್ಲಿ ಎರಡಾದರೂ ಹೊಂದಬೇಕು. ಒಂದೇ ಹೊಂದಿದರೆ ‘ಅನುಮಾನ’ ಎಂಬ ಬೇರೆ ಹಾಳೆಗೆ ಹಾಕಿ, ಎಣಿಸಬೇಡಿ.

ಕನಿಷ್ಠ ನಾಲ್ಕು ಚುನಾವಣಾ ಅವಧಿ, ಅಂದರೆ ಎಂಟು ವರ್ಷದ ದಾಖಲೆ ಇಳಿಸಿಕೊಳ್ಳಿ. ಒಂದೇ ಅವಧಿ ನೋಡಿದರೆ ತಿರುವು ಕಾಣುವುದಿಲ್ಲ. ಮಾರ್ಕ್ ಆಂಡ್ರೀಸೆನ್ 2012ರಲ್ಲಿ ರಾಮ್ನಿ ಪರ, 2016ರಲ್ಲಿ ಹಿಲರಿ ಕ್ಲಿಂಟನ್ ಪರ, 2024ರಲ್ಲಿ ಟ್ರಂಪ್ ಪರ ಇದ್ದವರು. ಯಾವ ವರ್ಷದಲ್ಲಿ ನಿಂತು ನೋಡಿದಿರೋ ಅದರ ಮೇಲೆ ಉತ್ತರ ಬದಲಾಗುತ್ತದೆ.

ಸಮಯವನ್ನೂ ಗಮನಿಸಿ. ಚುನಾವಣೆಗೆ ಕೆಲವೇ ದಿನ ಮೊದಲು ಕೊಟ್ಟ ಹಣ, ಮತದಾನ ಮುಗಿದ ಸುಮಾರು ಒಂದು ತಿಂಗಳಿಗೆ ಬರುವ ವರದಿಯಲ್ಲಿ ಕಾಣಿಸಿಕೊಳ್ಳಬಹುದು. ನವೆಂಬರ್ ಮೊದಲ ವಾರದಲ್ಲಿ ಇಳಿಸಿಕೊಂಡ ಹಾಳೆಯನ್ನು ಪೂರ್ಣವೆಂದು ನಂಬಿ ಕೆಟ್ಟವರಿದ್ದಾರೆ.

ಹಂತ 3: ಹಾಳೆಯನ್ನು ಶುಚಿಗೊಳಿಸುವುದು

ಎಲ್ಲಕ್ಕಿಂತ ಹೆಚ್ಚು ತಪ್ಪು ನುಸುಳುವುದು ಇಲ್ಲಿ. ಇಳಿಸಿಕೊಂಡ ಹಾಳೆಯ ಮೊತ್ತವನ್ನು ನೇರವಾಗಿ ಕೂಡಿದರೆ ಒಂದೇ ಹಣ ಎರಡು ಸಲ ಬಂದಿರುತ್ತದೆ.

ದೊಡ್ಡ ದಾನಿಗಳು ಸಾಮಾನ್ಯವಾಗಿ ಜಂಟಿ ನಿಧಿ ಸಂಗ್ರಹ ಸಮಿತಿಗೆ ಒಂದೇ ಚೆಕ್ ಬರೆಯುತ್ತಾರೆ. ಸಮಿತಿ ಅದನ್ನು ಅಭ್ಯರ್ಥಿ, ರಾಷ್ಟ್ರೀಯ ಪಕ್ಷ, ರಾಜ್ಯ ಘಟಕಗಳಿಗೆ ಹಂಚುತ್ತದೆ. ಮೂಲ ಚೆಕ್ ಒಂದು ಸಾಲು, ಹಂಚಿಕೆಯ ಪ್ರತಿ ತುಂಡೂ ಮತ್ತೊಂದು ಸಾಲು. ತುಂಡುಗಳ ಸಾಲಿನಲ್ಲಿ ಮೆಮೊ ಕೋಡ್ ಕಲಂನಲ್ಲಿ ‘ಎಕ್ಸ್’ ಗುರುತಿರುತ್ತದೆ. ಮೊತ್ತ ಕೂಡುವಾಗ ಆ ಸಾಲುಗಳನ್ನು ಬಿಡಿ. ಆದರೆ ಅಳಿಸಬೇಡಿ, ಹಣ ಕೊನೆಗೆ ಯಾರ ಕೈ ಸೇರಿತು ಎಂದು ತಿಳಿಯಲು ಅವೇ ಬೇಕು.

ಆಕ್ಟ್‌ಬ್ಲೂ, ವಿನ್‌ರೆಡ್ ಮೂಲಕ ಬಂದ ಹಣದ ಕಥೆಯೂ ಹೀಗೇ. ಮೊದಲನೆಯದು ಡೆಮಾಕ್ರಟಿಕ್ ಕಡೆಯ, ಎರಡನೆಯದು ರಿಪಬ್ಲಿಕನ್ ಕಡೆಯ ಪಾವತಿ ವೇದಿಕೆ. ಹಣ ವೇದಿಕೆಯ ವರದಿಯಲ್ಲಿ ಒಮ್ಮೆ, ಅಭ್ಯರ್ಥಿಯ ವರದಿಯಲ್ಲಿ ಇನ್ನೊಮ್ಮೆ ಬರುತ್ತದೆ. ಎರಡೂ ಇದ್ದರೆ ಅಭ್ಯರ್ಥಿಯ ಸಾಲನ್ನು ಉಳಿಸಿಕೊಳ್ಳಿ. ಚಿಕ್ಕ ಮೊತ್ತಗಳು ವೇದಿಕೆಯ ವರದಿಯಲ್ಲಿ ಮಾತ್ರ ಇರಬಹುದು; ಅವನ್ನು ಹಾಗೇ ಉಳಿಸಿಕೊಳ್ಳಿ.

ಋಣ ಚಿಹ್ನೆಯ ಮೊತ್ತ ಕಂಡರೆ ಗಾಬರಿ ಬೇಡ. ಮಿತಿ ಮೀರಿದ ಹಣವನ್ನು ಸಮಿತಿ ಹಿಂದಿರುಗಿಸಿರುತ್ತದೆ ಅಥವಾ ಪ್ರಾಥಮಿಕ ಚುನಾವಣೆಯ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸುತ್ತಿನ) ಲೆಕ್ಕದಿಂದ ಸಾರ್ವತ್ರಿಕ ಚುನಾವಣೆಯ ಲೆಕ್ಕಕ್ಕೆ ಬದಲಿಸಿರುತ್ತದೆ. ಕೆಲವೊಮ್ಮೆ ಅರ್ಧ ಹಣವನ್ನು ಸಂಗಾತಿಯ ಹೆಸರಿಗೆ ಹಾಕಿರುತ್ತದೆ. ಸಂಗಾತಿಗಳ ದೇಣಿಗೆಯನ್ನು ಪಾಲುದಾರರ ಮೊತ್ತಕ್ಕೆ ಸೇರಿಸಬೇಡಿ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಇರುವ ಮನೆಗಳು ಕಡಿಮೆಯೇನಲ್ಲ.

ಹಂತ 4: ಪಡೆದವರು ಯಾವ ಕಡೆಯವರು?

ಅಭ್ಯರ್ಥಿ, ಪಕ್ಷದ ಸಮಿತಿಗಳದ್ದು ಸುಲಭ, ಪಕ್ಷದ ಹೆಸರು ದಾಖಲೆಯಲ್ಲೇ ಇರುತ್ತದೆ. ಕಷ್ಟ ಸೂಪರ್ ಪ್ಯಾಕ್‌ಗಳದ್ದು, ಅಂದರೆ ಅಭ್ಯರ್ಥಿಯ ಪರ ಅಥವಾ ವಿರುದ್ಧ ಸ್ವತಂತ್ರವಾಗಿ ಖರ್ಚು ಮಾಡುವ ಸಮಿತಿಗಳದ್ದು. 2010ರ ತೀರ್ಪುಗಳ ನಂತರ ಹುಟ್ಟಿದ ಇವುಗಳಿಗೆ ಎಷ್ಟು ಬೇಕಾದರೂ ಕೊಡಬಹುದು, ಕಂಪನಿಗಳೂ ಕೊಡಬಹುದು. ಹೆಸರು ನೋಡಿ ಪಕ್ಷ ಊಹಿಸಲು ಹೋಗಬೇಡಿ. ಆ ಪ್ಯಾಕ್‌ನ ಶೆಡ್ಯೂಲ್ ಇ ತೆರೆಯಿರಿ: ಯಾವ ಅಭ್ಯರ್ಥಿಯ ಪರ ಅಥವಾ ವಿರುದ್ಧ ಎಷ್ಟು ಖರ್ಚಾಯಿತು ಎಂಬ ಲೆಕ್ಕ ಅದರಲ್ಲಿದೆ.

ಕ್ರಿಪ್ಟೊ ಉದ್ಯಮದ ಫೇರ್‌ಶೇಕ್ ಒಳ್ಳೆಯ ಉದಾಹರಣೆ. ಇದಕ್ಕೆ ಕಾಯಿನ್‌ಬೇಸ್, ರಿಪಲ್ ಜೊತೆ ಆಂಡ್ರೀಸೆನ್ ಹೊರೊವಿಟ್ಜ್ ಕೂಡ ಕೋಟಿಗಟ್ಟಲೆ ಡಾಲರ್ ಸುರಿಯಿತು. 2024ರಲ್ಲಿ ಕ್ಯಾಲಿಫೋರ್ನಿಯಾದ ಕೇಟಿ ಪೋರ್ಟರ್ ವಿರುದ್ಧ ಸುಮಾರು 1 ಕೋಟಿ ಡಾಲರ್ ಖರ್ಚಾಯಿತು, ಒಹಾಯೊದ ಶೆರಾಡ್ ಬ್ರೌನ್ ಅವರನ್ನು ಸೋಲಿಸಲು ಈ ಗುಂಪು ಸುಮಾರು 4 ಕೋಟಿ ಖರ್ಚು ಮಾಡಿತು. ಇಬ್ಬರೂ ಡೆಮಾಕ್ರಟರು. ಇಷ್ಟನ್ನೇ ನೋಡಿದರೆ ‘ರಿಪಬ್ಲಿಕನ್’ ಎಂದು ಮುದ್ರೆ ಒತ್ತಿಬಿಡುತ್ತೀರಿ. ಆದರೆ ಇದೇ ಗುಂಪಿನ ಇನ್ನೊಂದು ಪ್ಯಾಕ್ ಮಿಷಿಗನ್‌ನ ಎಲಿಸಾ ಸ್ಲಾಟ್ಕಿನ್, ಅರಿಜೋನಾದ ರೂಬೆನ್ ಗಯೇಗೊ ಎಂಬ ಡೆಮಾಕ್ರಟರ ಪರ ತಲಾ ಸುಮಾರು 1 ಕೋಟಿ ಖರ್ಚು ಮಾಡಿತು. ಇಂಥವಕ್ಕೆ ‘ವಿಷಯಾಧಾರಿತ’ ಎಂಬ ಮೂರನೆಯ ಗುರುತು ಕೊಡಿ. ಇದು ಪಕ್ಷನಿಷ್ಠೆಯ ಹಣವಲ್ಲ, ಕ್ರಿಪ್ಟೊ ಕಾನೂನಿಗಾಗಿ ಹೂಡಿದ ಹಣ.

ತಂತ್ರದ ದೇಣಿಗೆ ಎಂಬುದೂ ಒಂದಿದೆ. ಗ್ರೇಲಾಕ್‌ನ ರೀಡ್ ಹಾಫ್‌ಮನ್ ಹೆಸರಾಂತ ಡೆಮಾಕ್ರಟಿಕ್ ದಾನಿ. ಅವರು 2023ರ ಕೊನೆಯಲ್ಲಿ ರಿಪಬ್ಲಿಕನ್ ನಿಕ್ಕಿ ಹೇಲಿ ಪರ ಸೂಪರ್ ಪ್ಯಾಕ್‌ಗೆ 2.5 ಲಕ್ಷ ಡಾಲರ್ ಕೊಟ್ಟರು, ಪ್ರಾಥಮಿಕ ಹಂತದಲ್ಲೇ ಟ್ರಂಪ್ ಅವರನ್ನು ತಡೆಯುವುದಕ್ಕಾಗಿ. ಯಂತ್ರ ಇದನ್ನು ರಿಪಬ್ಲಿಕನ್ ಎಂದೇ ಎಣಿಸುತ್ತದೆ. ಅದಕ್ಕಾಗಿ 50,000 ಡಾಲರಿಗಿಂತ ದೊಡ್ಡದಾದ ಪ್ರತಿ ಸಾಲನ್ನೂ ಕಣ್ಣಿಟ್ಟು ಓದಿ.

ಹಂತ 5: ಎಣಿಕೆ

ಒಂದು ಕಾಲ್ಪನಿಕ ಸಂಸ್ಥೆ ತೆಗೆದುಕೊಳ್ಳೋಣ. ಹತ್ತು ಪಾಲುದಾರರಲ್ಲಿ ಆರು ಜನ ದೇಣಿಗೆ ಕೊಟ್ಟಿದ್ದಾರೆ. ಐವರು ಡೆಮಾಕ್ರಟಿಕ್ ಅಭ್ಯರ್ಥಿಗೆ ತಲಾ 6,600 ಡಾಲರ್. 2023–24ರಲ್ಲಿ ಒಬ್ಬ ಅಭ್ಯರ್ಥಿಗೆ ಎರಡೂ ಸುತ್ತು ಸೇರಿ ಕೊಡಬಹುದಾಗಿದ್ದ ಗರಿಷ್ಠ ಅಷ್ಟೇ. ಒಬ್ಬರು ರಿಪಬ್ಲಿಕನ್ ಸೂಪರ್ ಪ್ಯಾಕ್‌ಗೆ 20 ಲಕ್ಷ. ಮೊತ್ತದ ಲೆಕ್ಕದಲ್ಲಿ ಸಂಸ್ಥೆ ಶೇ 98 ರಿಪಬ್ಲಿಕನ್. ತಲೆಯೆಣಿಕೆಯಲ್ಲಿ ಆರಕ್ಕೆ ಐದು ಡೆಮಾಕ್ರಟಿಕ್. ಎರಡೂ ಸರಿ, ಯಾವುದೊಂದನ್ನೇ ಹೇಳಿದರೂ ಸುಳ್ಳು.

ಆದ್ದರಿಂದ ಮೂರು ಅಂಕಿ ಬರೆಯಿರಿ: ದೇಣಿಗೆ ಕೊಟ್ಟವರ ತಲೆಯೆಣಿಕೆ, ಮಿತಿಗೊಳಪಟ್ಟ ಹಣ (ಅಭ್ಯರ್ಥಿ, ಪಕ್ಷಗಳಿಗೆ ಕೊಟ್ಟದ್ದು), ಮಿತಿಯಿಲ್ಲದ ಹಣ (ಸೂಪರ್ ಪ್ಯಾಕ್‌ಗಳಿಗೆ ಕೊಟ್ಟದ್ದು). ಮಿತಿಗೊಳಪಟ್ಟ ಹಣವೇ ಒಲವಿನ ಒಳ್ಳೆಯ ಅಳತೆ ಎನ್ನುವುದು ನಮ್ಮ ಅಭಿಪ್ರಾಯ. ಅಲ್ಲಿ ಎಲ್ಲರ ಕೈಯೂ ಒಂದೇ ಉದ್ದ. ಮಿತಿಯಿಲ್ಲದ ಹಣ ಪ್ರಭಾವವನ್ನು ಅಳೆಯುತ್ತದೆ. ಫೌಂಡರ್ಸ್ ಫಂಡ್ ಸಂಸ್ಥೆಯ ಪೀಟರ್ ಥೀಲ್ 2022ರ ಸೆನೆಟ್ ಚುನಾವಣೆಗಾಗಿ ಜೆ.ಡಿ. ವ್ಯಾನ್ಸ್ ಪರ ಸೂಪರ್ ಪ್ಯಾಕ್‌ಗೆ 1.5 ಕೋಟಿ ಡಾಲರ್ ಕೊಟ್ಟದ್ದು ಅಲ್ಲಿನ ಸರಾಸರಿ ಪಾಲುದಾರನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಸಂಸ್ಥೆಯಲ್ಲಿ ಯಾರ ಮಾತಿಗೆ ತೂಕವಿದೆ ಎಂದು ನಿಮಗೆ ಗೊತ್ತಿದ್ದರೆ ಮಾತ್ರ ಅದಕ್ಕೆ ಅರ್ಥ.

ದಾನಿಗಳು ಐದಕ್ಕಿಂತ ಕಡಿಮೆ ಇದ್ದರೆ ಶೇಕಡಾವಾರು ಹಾಕಲೇಬೇಡಿ. ‘ಮೂವರಲ್ಲಿ ಇಬ್ಬರು’ ಎಂದು ಬರೆದರೆ ಓದುವವರಿಗೂ ಅದರ ತೂಕ ಗೊತ್ತಾಗುತ್ತದೆ.

ಶೂನ್ಯ ಕಂಡಾಗ

ಏನೂ ಕೊಡದ ಪಾಲುದಾರರನ್ನು ‘ತಟಸ್ಥ’ ಎಂದು ಬರೆಯುವ ಮುನ್ನ ಎಸ್‌ಇಸಿಯ ‘ಪೇ ಟು ಪ್ಲೇ’ ನಿಯಮವನ್ನು ನೆನೆಯಿರಿ. 2010ರಲ್ಲಿ ಬಂದ ಇದರ ಪ್ರಕಾರ, ಸಾರ್ವಜನಿಕ ಪಿಂಚಣಿ ನಿಧಿಯ ಹೂಡಿಕೆ ಮೇಲೆ ಹಿಡಿತವಿರುವ ಅಧಿಕಾರಸ್ಥರಿಗೆ ಸಂಸ್ಥೆಯ ಪ್ರಮುಖರು ಹಣ ಕೊಟ್ಟರೆ, ಆ ನಿಧಿಯಿಂದ ಎರಡು ವರ್ಷ ಶುಲ್ಕ ಪಡೆಯುವಂತಿಲ್ಲ. ವಿನಾಯಿತಿ ಪುಡಿಗಾಸು: ತಾವು ಮತ ಹಾಕಬಹುದಾದ ಅಭ್ಯರ್ಥಿಗೆ ಒಂದು ಚುನಾವಣೆಗೆ 350 ಡಾಲರ್, ಇಲ್ಲದಿದ್ದರೆ 150.

ರಾಜ್ಯದ ಪಿಂಚಣಿ ನಿಧಿಯ ಮೇಲೆ ಹಿಡಿತವಿರುವ ಗವರ್ನರ್ ಒಬ್ಬರು ರಾಷ್ಟ್ರಮಟ್ಟದ ಕಣಕ್ಕಿಳಿದಾಗ ಈ ನಿಯಮ ಕಚ್ಚುತ್ತದೆ. 2016ರಲ್ಲಿ ಇಂಡಿಯಾನಾದ ಮೈಕ್ ಪೆನ್ಸ್, 2024ರ ಕಣದಲ್ಲಿ ಫ್ಲಾರಿಡಾದ ರಾನ್ ಡಿಸ್ಯಾಂಟಿಸ್, ಮಿನ್ನೆಸೋಟಾದ ಟಿಮ್ ವಾಲ್ಜ್, ಮೂವರೂ ಆಗ ಅಧಿಕಾರದಲ್ಲಿದ್ದ ಗವರ್ನರ್‌ಗಳು. ವ್ಯಾನ್ಸ್ ಸೆನೆಟರ್ ಆಗಿದ್ದರಿಂದ ಟ್ರಂಪ್–ವ್ಯಾನ್ಸ್ ಜೋಡಿಗೆ ಈ ತೊಡಕಿರಲಿಲ್ಲ. ಮಿನ್ನೆಸೋಟಾದ ಪಿಂಚಣಿ ನಿಧಿಗಳ ಹಣ ನಿರ್ವಹಿಸುವ ಸಂಸ್ಥೆಯ ಪಾಲುದಾರರು 2024ರ ಆಗಸ್ಟ್ ನಂತರ ಹ್ಯಾರಿಸ್–ವಾಲ್ಜ್ ಪ್ರಚಾರ ಸಮಿತಿಗೆ ಕೊಡದಿದ್ದರೆ ಅದು ಮನಸ್ಸಿನ ಮಾತಲ್ಲ, ವಕೀಲರ ಮಾತಿರಬಹುದು. ಅಂಥವರು ಕಾಂಗ್ರೆಸ್ (ಅಮೆರಿಕದ ಸಂಸತ್ತು) ಚುನಾವಣೆಯ ಅಭ್ಯರ್ಥಿಗಳಿಗೆ ಅಥವಾ ಸ್ವತಂತ್ರ ಸೂಪರ್ ಪ್ಯಾಕ್‌ಗಳಿಗೆ ಕೊಟ್ಟದ್ದನ್ನು ನೋಡಿ. ಸಾಮಾನ್ಯವಾಗಿ ಅವು ಈ ನಿಯಮದಡಿ ಬರುವುದಿಲ್ಲ.

ಇನ್ನೊಂದು ಕಾರಣ ಪೌರತ್ವ. ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಉಳ್ಳವರು ಮಾತ್ರ ಚುನಾವಣಾ ದೇಣಿಗೆ ಕೊಡಬಹುದು. ವೀಸಾದಲ್ಲಿರುವ ಪಾಲುದಾರರ ಶೂನ್ಯಕ್ಕೆ ಬೇರೇನೂ ಅರ್ಥವಿಲ್ಲ. ಮೂರನೆಯದು, 501(ಸಿ)(4) ಬಗೆಯ, ಅಂದರೆ ತೆರಿಗೆ ವಿನಾಯಿತಿಯ ಸಾಮಾಜಿಕ ಸಂಘಗಳು ತಮ್ಮ ದಾನಿಗಳ ಹೆಸರನ್ನು ಸಾರ್ವಜನಿಕಗೊಳಿಸಬೇಕಿಲ್ಲ. ಆ ಬಾಗಿಲು ಈ ವಿಧಾನಕ್ಕೆ ಮುಚ್ಚಿದ್ದೇ.

ಹಂತ 6: ಸಂಸ್ಥೆಯ ಖಾತೆ

ಸಂಸ್ಥೆಯ ಹೆಸರಿನಲ್ಲೇ ಸೂಪರ್ ಪ್ಯಾಕ್‌ಗೆ ಹಣ ಹೋಗಿದೆಯೇ ಎಂದು ಎಫ್‌ಇಸಿಯಲ್ಲಿ ಹುಡುಕಿ; ಈ ಸಲ ದಾನಿಯ ಕಲಂನಲ್ಲಿ ಸಂಸ್ಥೆಯ ಹೆಸರು ಹಾಕಿ. ಆಮೇಲೆ ಲಾಬಿ ದಾಖಲೆ. ಸೆನೆಟ್‌ನ ಲಾಬಿ ತಾಣದಲ್ಲಿ ಎಲ್‌ಡಿ-2 ಎಂಬ ತ್ರೈಮಾಸಿಕ ವರದಿ, ಎಲ್‌ಡಿ-203 ಎಂಬ ಅರ್ಧವಾರ್ಷಿಕ ದೇಣಿಗೆ ವರದಿ ಸಿಗುತ್ತವೆ. ಎಲ್‌ಡಿ-2ರಲ್ಲಿ ಮೊತ್ತವನ್ನು 10,000 ಡಾಲರಿಗೆ ಹತ್ತಿರ ಮಾಡಿ ಬರೆದಿರುತ್ತಾರೆ. ಮೊತ್ತಕ್ಕಿಂತ ಯಾವ ಮಸೂದೆ, ಯಾವ ವಿಷಯ ಎಂಬ ವಿವರಣೆಯ ಭಾಗ ಹೆಚ್ಚು ಉಪಯುಕ್ತ.

ಇಲ್ಲಿ ಸಿಗುವುದನ್ನು ಸಿದ್ಧಾಂತವೆಂದು ತಿಳಿಯಬೇಡಿ. ಕ್ಯಾರೀಡ್ ಇಂಟರೆಸ್ಟ್ ತೆರಿಗೆಯನ್ನೇ ನೋಡಿ: ನಿಧಿ ನಡೆಸುವವರಿಗೆ ಸಿಗುವ ಲಾಭದ ಪಾಲಿಗೆ ಸಂಬಳದ ದರದ ಬದಲು ಬಂಡವಾಳ ಗಳಿಕೆಯ ಕಡಿಮೆ ದರ. 2017ರ ಕಾನೂನು ಇದಕ್ಕೆ ಮೂರು ವರ್ಷದ ಹಿಡುವಳಿಯ ಷರತ್ತು ಹಾಕಿತು. ಇದನ್ನು ಉಳಿಸಿಕೊಳ್ಳುವುದರಲ್ಲಿ ಎಡದ ವೆಂಚರ್ ಕ್ಯಾಪಿಟಲ್ ಸಂಸ್ಥೆಗೂ ಬಲದ ಸಂಸ್ಥೆಗೂ ಲಾಭ ಒಂದೇ. 1973ರಲ್ಲಿ ಶುರುವಾದ ರಾಷ್ಟ್ರೀಯ ವೆಂಚರ್ ಕ್ಯಾಪಿಟಲ್ ಸಂಘದ ಸದಸ್ಯತ್ವವೂ ಹಾಗೇ. ಅದರಿಂದ ಪಕ್ಷ ತಿಳಿಯದು.

ಹಂತ 7: ಮಾತು, ಜನ, ಹೂಡಿಕೆ

ಮಾತಿನ ಸಾಕ್ಷಿ ಸಂಗ್ರಹಿಸುವಾಗ ಮೂರು ವಿವರ ಬೇಕು: ದಿನಾಂಕ, ಮೂಲ ಪಠ್ಯ, ಹಾಗೂ ಅದು ಪ್ರಕಟವಾದದ್ದು ಸಂಸ್ಥೆಯ ತಾಣದಲ್ಲೋ ವ್ಯಕ್ತಿಯ ಸಾಮಾಜಿಕ ಜಾಲತಾಣದ ಪುಟದಲ್ಲೋ ಎಂಬುದು. ಸಿಕೋಯಾದ ಶಾನ್ ಮಗ್ವಾಯರ್ 2024ರಲ್ಲಿ ಟ್ರಂಪ್‌ಗೆ 3 ಲಕ್ಷ ಡಾಲರ್ ಕೊಟ್ಟಿದ್ದನ್ನು ಹೇಳಿದ್ದು ತಮ್ಮ ಸ್ವಂತ ಪುಟದಲ್ಲಿ; ಅದು ಮೊದಲ ಖಾತೆಗೆ ಸೇರುವ ಸಂಗತಿ. ಆಂಡ್ರೀಸೆನ್ ಹೊರೊವಿಟ್ಜ್ 2024ರಲ್ಲಿ ಸಣ್ಣ ತಂತ್ರಜ್ಞಾನ ಕಂಪನಿಗಳ ಪರ ನೀತಿ ನಿಲುವನ್ನು ಸಂಸ್ಥೆಯ ತಾಣದಲ್ಲೇ ಹಾಕಿತು, ಅದು ಮೂರನೆಯದಕ್ಕೆ.

ಸರ್ಕಾರಕ್ಕೆ ಹೋದವರು ಗಟ್ಟಿ ಸಾಕ್ಷಿಯಂತೆ ಕಾಣುತ್ತಾರೆ. ಕ್ರಾಫ್ಟ್ ವೆಂಚರ್ಸ್‌ನ ಡೇವಿಡ್ ಸ್ಯಾಕ್ಸ್, ಆಂಡ್ರೀಸೆನ್ ಹೊರೊವಿಟ್ಜ್‌ನಿಂದ ಶ್ರೀರಾಮ್ ಕೃಷ್ಣನ್ ಮತ್ತು ಸ್ಕಾಟ್ ಕುಪರ್ ಟ್ರಂಪ್ ಅವರ ಎರಡನೇ ಆಡಳಿತಕ್ಕೆ ಸೇರಿದರು. ಒಬ್ಬರು ಹೋದರೆ ಅದು ವ್ಯಕ್ತಿಯ ಆಯ್ಕೆ, ಒಂದೇ ಸಂಸ್ಥೆಯಿಂದ ಹಲವರು ಒಂದೇ ಆಡಳಿತಕ್ಕೆ ಹೋದರೆ ಬರೆದಿಟ್ಟುಕೊಳ್ಳಿ. ಸರ್ಕಾರದಿಂದ ಬಂದವರ ವಿಷಯದಲ್ಲಿ ಎಚ್ಚರ: ಕ್ಲೈನರ್ ಪರ್ಕಿನ್ಸ್ 2005ರಲ್ಲಿ ರಿಪಬ್ಲಿಕನ್ ಆಡಳಿತದ ಕಾಲಿನ್ ಪವೆಲ್ ಅವರನ್ನೂ 2007ರಲ್ಲಿ ಡೆಮಾಕ್ರಟ್ ಅಲ್ ಗೋರ್ ಅವರನ್ನೂ ಬರಮಾಡಿಕೊಂಡಿತ್ತು. ಕೊಂಡದ್ದು ಪರಿಚಯವನ್ನು, ಪಕ್ಷವನ್ನಲ್ಲ.

ಹೂಡಿಕೆಯ ಪಟ್ಟಿ ಎಲ್ಲಕ್ಕಿಂತ ದುರ್ಬಲ ಸಾಕ್ಷಿ. ರಕ್ಷಣಾ ಕಂಪನಿ ಇದೆ ಎಂದು ಬಲ, ಹವಾಮಾನ ಕಂಪನಿ ಇದೆ ಎಂದು ಎಡ ಎನ್ನುವ ಲೆಕ್ಕ ನಿಲ್ಲುವುದಿಲ್ಲ. ಲಾಭ ಕಂಡಲ್ಲಿ ಎಲ್ಲರೂ ಹೋಗುತ್ತಾರೆ. ಗುರಿಯನ್ನೇ ರಾಜಕೀಯವಾಗಿ ಘೋಷಿಸಿಕೊಂಡ ಸಂಸ್ಥೆಗಳು ಮಾತ್ರ ಅಪವಾದ: ಪ್ರಗತಿಪರ ಚುನಾವಣಾ ತಂತ್ರಜ್ಞಾನಕ್ಕೆ ಹೂಡುವ ಹೈಯರ್ ಗ್ರೌಂಡ್ ಲ್ಯಾಬ್ಸ್, ಅತ್ತ ಡೊನಾಲ್ಡ್ ಟ್ರಂಪ್ ಜೂನಿಯರ್ 2024ರಲ್ಲಿ ಸೇರಿದ 1789 ಕ್ಯಾಪಿಟಲ್.

ವರದಿ ಬರೆಯುವಾಗ

ಮೂರು ಖಾತೆಗೆ ಮೂರು ಪ್ಯಾರಾ, ಪ್ರತಿಯೊಂದಕ್ಕೂ ಅವಧಿ ಮತ್ತು ಎಷ್ಟು ಖಚಿತ ಎಂಬ ಮಾತು. ಮಾದರಿ ಹೀಗಿರಲಿ: ‘2017ರಿಂದ 2024ರವರೆಗೆ ಹೂಡಿಕೆಯಲ್ಲಿ ಮತವಿದ್ದ 12 ಪಾಲುದಾರರಲ್ಲಿ 8 ಜನ ದೇಣಿಗೆ ಕೊಟ್ಟಿದ್ದಾರೆ, 6 ಜನರದ್ದು ಮುಖ್ಯವಾಗಿ ಡೆಮಾಕ್ರಟರಿಗೆ. ಮಿತಿಯಿಲ್ಲದ ಹಣ ಒಬ್ಬರದ್ದೇ, ರಿಪಬ್ಲಿಕನ್ ಕಡೆಗೆ. ಸಂಸ್ಥೆಯ ಹೆಸರಿನ ದೇಣಿಗೆ ಇಲ್ಲ. ಲಾಬಿ ತೆರಿಗೆ ಮತ್ತು ವಲಸೆಯ ಬಗ್ಗೆ.’ ಒಂದು ಕಡೆಯವರು ಮೂರನೇ ಎರಡು ಭಾಗ ಮುಟ್ಟದಿದ್ದರೆ ‘ಮಿಶ್ರ’ ಎಂದೇ ಬರೆಯಿರಿ.

ಮನೆಯ ವಿಳಾಸ, ಪಿನ್ ಸಂಖ್ಯೆಗಳನ್ನು ವರದಿಗೆ ಹಾಕಬೇಡಿ. ಹೊಂದಾಣಿಕೆ ಮುಗಿದ ಮೇಲೆ ಹಾಳೆಯಿಂದಲೂ ತೆಗೆಯಿರಿ. ಎಫ್‌ಇಸಿ ವರದಿಗಳಿಂದ ತೆಗೆದ ವ್ಯಕ್ತಿಗಳ ಮಾಹಿತಿಯನ್ನು ದೇಣಿಗೆ ಕೇಳಲು ಅಥವಾ ವಾಣಿಜ್ಯ ಉದ್ದೇಶಕ್ಕೆ ಬಳಸುವುದನ್ನು ಕಾನೂನೇ ನಿಷೇಧಿಸುತ್ತದೆ, ಹಾಗಾಗಿ ಈ ಪಟ್ಟಿಯನ್ನು ಮಾರುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕಾಣಿ. ಪ್ರತಿ ತ್ರೈಮಾಸಿಕ ವರದಿ ಬಂದ ಮೇಲೆ ಹೆಸರುಗಳನ್ನು ಮತ್ತೊಮ್ಮೆ ಓಡಿಸಿ. ತಿದ್ದುಪಡಿ ವರದಿಗಳು ಹಳೆಯ ಸಾಲುಗಳನ್ನೂ ಬದಲಿಸಿರುತ್ತವೆ.